ಉಳ್ಳಾಗಡ್ಡಿ ಮನೆತನ ಎಲ್ಲಾ ಒಂದ ಬುಡದವೇನು? ಡಿಎನ್‌ಎ ಮಾಡ್ಸಿದ್ರ ಗೊತ್ತಾಗ್ತದೇನ್ರೀ?

ಜೋಳದರೊಟ್ಟಿ:
ನಮಸ್ಕಾರ್ರೀ ಎಲ್ಲಾರಿಗೂ. ಉಳ್ಳಾಗಡ್ಡಿ ಅನ್ನೋ ಅಡ್ಡಹೆಸರು ಉತ್ತರ ಕರ್ನಾಟಕದಾಗ ನಾಕೈದು ಜಿಲ್ಲಾದಾಗ ಅದ. ಯಾವ ಊರಿಗೆ ಹೋಗಿ ಕೇಳಿದ್ರೂ "ಮೂಲ ಮನಿ ನಮ್ದ, ಉಳಿದವ್ರು ನಮ್ಮಿಂದ ಒಡದು ಹೋದವ್ರು" ಅಂತಾರ. ಹದಿನಾಕು ಊರಿನ ವಂಶಾವಳಿ ಕಾಗದದ ಮ್ಯಾಲೆ ಕೂಡೇದ. ಎಲ್ಲಾವೂ ನಾಕು, ಬಾಳಂದ್ರ ಐದು ತಲಿಮಾರಿಗೆ ನಿಂತುಬಿಡ್ತಾವ. ಮನಿಮನಿ ವಂಶಾವಳಿ ಹೇಳೋ ಹೆಳವರ ಹೊತ್ತಿಗಿಯೊಳಗ ಎರಡು ಊರಿಗಷ್ಟ ಅದರಾಚೆ ಹೆಸರು ಸಿಕ್ಕಾವ, ಅವೂ ಒಂದಕ್ಕೊಂದು ಕೂಡಂಗಿಲ್ಲ.

ಕೇಳೂದು ಇಷ್ಟ: ಯಾವ ಪರೀಕ್ಷೆ ಮಾಡಿಸಬೇಕು, ಎಷ್ಟು ಮಂದೀದು, ಯಾರನ್ನ ಆರಿಸಬೇಕು, "ಹೊಂದ್ತದ" "ಹೊಂದಂಗಿಲ್ಲ" ಅನ್ನೂದರ ಗೆರಿ ಎಲ್ಲಿ? ಉಳ್ಳಾಗಡ್ಡಿ ದರದ ಮ್ಯಾಲೆ ಚೇಷ್ಟಿ ಮಾಡಾವ್ರು ಕೊನೀಗೆ ಮಾಡ್ರಿ.

ಬೆಂಗ್ಳೂರ್‌ಗುರು:
ದರ ಇಳಿದಾಗ ಮಾಡ್ಸಿ ಗುರು, ಕಣ್ಣೀರು ಕಮ್ಮಿ.

ಲ್ಯಾಬುಕೋಟು:
ನಿಮಗೆ ಬೇಕಾಗಿರೋದು ವೈ ಕ್ರೋಮೋಸೋಮ್ ಒಂದೇ. ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಇದ್ದ ಹಾಗೇ ಇಳಿಯುತ್ತೆ, ಅಡ್ಡಹೆಸರು ಇಳಿಯೋ ದಾರೀಲೇ. ಅದರಲ್ಲಿ ಎರಡು ಥರದ ಗುರುತು ನೋಡ್ತಾರೆ. ಒಂದು ಎಸ್‌ಟಿಆರ್: ಒಂದು ಚಿಕ್ಕ ತುಣುಕು ಎಷ್ಟು ಸಲ ಮರುಕಳಿಸಿದೆ ಅನ್ನೋ ಎಣಿಕೆ. ಡಿವೈಎಸ್393 = 13 ಅಂತ ಬಂದ್ರೆ ಆ ಜಾಗದಲ್ಲಿ ತುಣುಕು 13 ಸಲ ಇದೆ ಅಂತ ಲೆಕ್ಕ. ಇನ್ನೊಂದು ಎಸ್‌ಎನ್‌ಪಿ: ಒಂದೇ ಅಕ್ಷರ ಬದಲಾಗಿ, ಆಮೇಲೆ ಆ ವಂಶದಲ್ಲಿ ಹಾಗೇ ಉಳಿದುಬಿಡೋದು. ಎಸ್‌ಟಿಆರ್ ಹಿಂದಕ್ಕೂ ಮುಂದಕ್ಕೂ ಓಲಾಡುತ್ತೆ, ಅಗ್ಗ. ಎಸ್‌ಎನ್‌ಪಿ ಗಟ್ಟಿ, ದುಬಾರಿ.

ಫ್ಯಾಮಿಲಿಟ್ರೀಡಿಎನ್‌ಎ ಕಂಪನಿಯಲ್ಲಿ ವೈ-37, ವೈ-111, ಬಿಗ್ ವೈ-700 ಅಂತ ಮೂರು ಮೆಟ್ಟಿಲು. 37, 111 ಅಂದ್ರೆ ಎಣಿಸೋ ಎಸ್‌ಟಿಆರ್ ಜಾಗಗಳ (ಮಾರ್ಕರ್) ಸಂಖ್ಯೆ, ಬಿಗ್ ವೈ ಎಸ್‌ಎನ್‌ಪಿಗಳನ್ನೂ ಓದುತ್ತೆ. ಮೊದಲು 37 ಮಾಡಿಸಿ ಜರಡಿ ಹಿಡೀರಿ, ಉಳಿದುಕೊಂಡವರನ್ನ ಮೇಲಕ್ಕೆ ಏರಿಸಿ. ಹಳೇ 12 ಮಾರ್ಕರಿನ ಫಲಿತಾಂಶ ಯಾರ ಹತ್ರಾನಾದ್ರೂ ಇದ್ರೆ ಅದನ್ನ ನಂಬಿ ಏನೂ ತೀರ್ಮಾನ ಮಾಡಬೇಡಿ. 12ಕ್ಕೆ 12 ಹೊಂದಿ, 37ಕ್ಕೆ ಹೋದಾಗ 9 ಕಡೆ ತಪ್ಪೋದು ದಿನಾ ನಡೆಯೋ ಮಾತು.

ಗೆರೆ ಕೇಳಿದ್ರಲ್ಲ. ಕಂಪನಿಯ ಪಟ್ಟಿಯಲ್ಲಿ 37ಕ್ಕೆ 4ರವರೆಗೆ, 111ಕ್ಕೆ 10ರವರೆಗೆ ವ್ಯತ್ಯಾಸ ಇದ್ರೆ "ಮ್ಯಾಚ್" ಅಂತ ತೋರಿಸುತ್ತೆ. ಅದು ಪಟ್ಟಿಗೆ ಹಾಕೋ ಗೆರೆ ಅಷ್ಟೇ, ಸಂಬಂಧದ ಸರ್ಟಿಫಿಕೇಟ್ ಅಲ್ಲ. ಲೆಕ್ಕ ನೋಡಿ: ಒಂದು ಮಾರ್ಕರ್ ಒಂದು ತಲೆಮಾರಿನಲ್ಲಿ ಬದಲಾಗೋ ಸಂಭವ ಸರಾಸರಿ 0.004ರಿಂದ 0.005. ಇಬ್ಬರ ಮೂಲಪುರುಷ 8 ತಲೆಮಾರು ಹಿಂದೆ ಅಂದ್ರೆ ಎರಡೂ ಕಡೆ ಸೇರಿ 16 ಸಲ ಅಪ್ಪನಿಂದ ಮಗನಿಗೆ ದಾಟಿದೆ. 37 × 16 × 0.0045 ಅಂದ್ರೆ ಸುಮಾರು 2.7. ಅಂದ್ರೆ 8 ತಲೆಮಾರಿನ ದಾಯಾದಿಗಳಲ್ಲಿ ಎರಡು ಮೂರು ವ್ಯತ್ಯಾಸ ಮಾಮೂಲು. ಸೊನ್ನೆಯೂ ಬರಬಹುದು, 5 ಕೂಡ ಬರಬಹುದು.

ಬೆಂಗ್ಳೂರ್‌ಗುರು:
ಇಷ್ಟೆಲ್ಲಾ ಯಾಕೆ? ಎಲ್ಲಾರೂ ಮಾಡಿಸೋ ಮಾಮೂಲಿ ಟೆಸ್ಟ್ ಇದ್ಯಲ್ಲ, ಸಂಬಂಧಿಕರ ಪಟ್ಟಿ ಕೊಡುತ್ತಲ್ಲ, ಅದೇ ಸಾಕಾಗಲ್ವಾ? ಹೆಂಗಸರೂ ಮಾಡಿಸ್ಬೋದು.

ಸೋದರತ್ತೆ:
ಸಾಕಾಗಲ್ಲ, ಎರಡು ಕಾರಣಕ್ಕೆ.

ಆ ಟೆಸ್ಟ್ ನೋಡೋದು ಅಪ್ಪ ಅಮ್ಮ ಇಬ್ಬರಿಂದಲೂ ಬರೋ ಆಟೋಸೋಮಲ್ ಡಿಎನ್‌ಎ. ತಲೆಮಾರಿಗೆ ಅರ್ಧ ಅರ್ಧ ಕರಗ್ತಾ ಹೋಗುತ್ತೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ನಡುವೆ ಸರಾಸರಿ 866 ಸೆಂಟಿಮಾರ್ಗನ್ (ಡಿಎನ್‌ಎ ತುಂಡಿನ ಉದ್ದದ ಅಳತೆ) ಹಂಚಿಕೆ, ಅವರ ಮಕ್ಕಳ ನಡುವೆ 229ರ ಹತ್ರ, ಮೊಮ್ಮಕ್ಕಳಿಗೆ ಬಂದಾಗ 73ರ ಹತ್ರ. ಮೊಮ್ಮಕ್ಕಳ ಹಂತದಲ್ಲೇ ಹತ್ತರಲ್ಲಿ ಒಂದು ಜೋಡಿಗೆ ಏನೂ ಸಿಗಲ್ಲ. ಜೋಳದರೊಟ್ಟಿಯವರ ಪ್ರಶ್ನೆ ಶುರುವಾಗೋದೇ ಐದನೇ ತಲೆಮಾರಿನ ಆಚೆ. ಅಲ್ಲಿಗೆ ಈ ಟೆಸ್ಟಿನ ಎಣ್ಣೆ ತೀರಿರುತ್ತೆ.

ಎರಡನೇದು ನಮ್ಮ ಮದುವೆಗಳು. ಮೇಲೆ ಕೊಟ್ಟ ಸರಾಸರಿಗಳು ಹೊರಗಿನಿಂದ ಹೆಣ್ಣು ತರೋ ಸಮಾಜದವರ ಡೇಟಾದಿಂದ ಬಂದದ್ದು. ನಮ್ಮಲ್ಲಿ ಅಕ್ಕನ ಮಗಳು, ಸೋದರತ್ತೆ ಮಗಳು, ಸೋದರಮಾವನ ಮಗಳು ಅಂತ ಮೂರು ತಲೆಮಾರು ಸುತ್ತಿ ಸುತ್ತಿ ಅದೇ ನಾಲ್ಕು ಮನೆಗಳು. ಅಕ್ಕನ ಮಗಳನ್ನ ಮದುವೆಯಾದವರ ಮಗುವಿನಲ್ಲಿ ಡಿಎನ್‌ಎಯ ಸುಮಾರು ಎಂಟನೇ ಒಂದು ಭಾಗ ಎರಡೂ ಕಡೆಯಿಂದ ಒಂದೇ ಆಗಿ ಬಂದಿರುತ್ತೆ. ಸೋದರತ್ತೆ ಸೋದರಮಾವನ ಮಕ್ಕಳ ಮದುವೆಯಲ್ಲಿ ಹದಿನಾರನೇ ಒಂದು. ಹಾಗಾಗಿ ಕಂಪನಿ "ಸೆಕೆಂಡ್ ಕಸಿನ್" ಅಂತ ತೋರಿಸಿದವರು ನಿಜಕ್ಕೂ ನಾಲ್ಕು ದಾರಿಯಿಂದ ಸಣ್ಣಸಣ್ಣದಾಗಿ ಸಂಬಂಧ ಇರೋ ದೂರದವರಾಗಿರಬಹುದು. ಆಟೋಸೋಮಲ್ ಮಾಡಿಸಲೇಬೇಕು ಅಂದ್ರೆ ಒಟ್ಟು ಮೊತ್ತ ನೋಡಬೇಡಿ, ಅತಿ ಉದ್ದದ ಒಂದೇ ತುಂಡು ಎಷ್ಟಿದೆ ನೋಡಿ. 15 ಸೆಂಟಿಮಾರ್ಗನ್‌ಗಿಂತ ಚಿಕ್ಕ ತುಂಡುಗಳ ಹಿಂದೆ ಬಿದ್ರೆ ಇಡೀ ತಾಲ್ಲೂಕೇ ನೆಂಟರಾಗುತ್ತೆ.

ಬೆಂಗ್ಳೂರ್‌ಗುರು:
ಅದು ಹೇಗೂ ಹೌದಲ್ವಾ 😄

ಪಂಚಾಂಗಪ್ಪ:
ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ. ಹ್ಯಾಪ್ಲೋಗ್ರೂಪ್, ಅಂದರೆ ವೈ ಯಾವ ಹಳೇ ದೊಡ್ಡ ಕೊಂಬೆಯದು ಅನ್ನೋದು, ಅದೊಂದು ನೋಡಿದರೆ ಆಯ್ತು. ಇಬ್ಬರಿಗೂ ಆರ್1ಎ ಬಂದರೆ ಒಂದೇ ವಂಶ, ಒಂದೇ ಗೋತ್ರ. ಒಬ್ಬರಿಗೆ ಆರ್1ಎ ಇನ್ನೊಬ್ಬರಿಗೆ ಎಚ್ ಬಂದರೆ ಬೇರೆ.

ಲ್ಯಾಬುಕೋಟು:
ಪಂಚಾಂಗಪ್ಪನವರೇ, ಎರಡನೇ ಅರ್ಧ ಸರಿ, ಮೊದಲನೇದು ಪೂರ್ತಿ ತಪ್ಪು. ಒಬ್ಬರಿಗೆ ಎಲ್, ಇನ್ನೊಬ್ಬರಿಗೆ ಎಚ್ ಅಂತ ಬಂದ್ರೆ ಗಂಡು ಸಂತತಿಯ ನಂಟು ಇಲ್ಲ ಅಂತ ಆ ಕ್ಷಣಕ್ಕೇ ಹೇಳಬಹುದು, 37 ಮಾರ್ಕರ್ ಎಣಿಸೋದೂ ಬೇಡ. ಆದರೆ ಒಂದೇ ಬಂದ್ರೆ ಏನೂ ಸಾಬೀತಾಗಲ್ಲ. ಭಾರತದಲ್ಲಿರೋ ಆರ್1ಎಯ ಬಹುಪಾಲು ಝಡ್93ರ ಕೆಳಗಿನ ಎಲ್657 ಅನ್ನೋ ಒಂದು ಕೊಂಬೆ. ಆ ಕೊಂಬೆಯ ವಯಸ್ಸೇ ನಾಲ್ಕು ಸಾವಿರ ವರ್ಷದ ಆಸುಪಾಸು. ಅಡ್ಡಹೆಸರು ಹುಟ್ಟಿದ್ದು ನಿನ್ನೆ ಮೊನ್ನೆ. ಆರ್1ಎ, ಎಚ್, ಎಲ್, ಜೆ2, ಆರ್2 ಎಲ್ಲವೂ ಎಲ್ಲ ಜಾತಿಯಲ್ಲೂ ಸಿಗುತ್ತೆ, ಪ್ರಮಾಣ ಬೇರೆ ಬೇರೆ. ಗೋತ್ರಕ್ಕೆ ಇಂಥದ್ದೇ ವೈ ಅನ್ನೋದೂ ಇಲ್ಲ. ದತ್ತು ಹೋದವನ ಗೋತ್ರ ಬದಲಾಗುತ್ತೆ, ವೈ ಬದಲಾಗಲ್ಲ.

ಪಂಚಾಂಗಪ್ಪ:
ದತ್ತು ಅಪರೂಪ.

ಕೈಫಿಯತ್ತು:
ಇನಾಮು, ವತನದ ಮನೆಗಳಲ್ಲಿ ಅಪರೂಪವೇ ಅಲ್ಲ ಸ್ವಾಮಿ. ಗಂಡು ಸಂತಾನ ಇಲ್ಲದಿದ್ದರೆ ವತನ ಕೈಬಿಡುತ್ತೆ ಅಂತ ಮಗಳ ಮಗನನ್ನೋ ಹೆಂಡತಿ ಕಡೆ ಹುಡುಗನನ್ನೋ ದತ್ತು ತಗೊಂಡ ದಾಖಲೆ ದಫ್ತರಗಳಲ್ಲಿ ರಾಶಿ ಬಿದ್ದಿವೆ.

ಅಡ್ಡಹೆಸರಿನ ಜಾತಕವನ್ನೂ ನೋಡಬೇಕು. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಇವು ಹುದ್ದೆ. ಊರಿಗೊಬ್ಬ ಪಾಟೀಲ, ಅವನು ಲಿಂಗಾಯತ, ಜೈನ, ಮರಾಠ, ಮುಸ್ಲಿಂ ಯಾರಾದರೂ ಆಗಿರಬಹುದು. "ಪಾಟೀಲರೆಲ್ಲಾ ಒಂದೇ ಬುಡವಾ" ಅಂತ ಡಿಎನ್‌ಎ ಮಾಡಿಸೋದು "ತಹಶೀಲ್ದಾರರೆಲ್ಲಾ ಒಂದೇ ಬುಡವಾ" ಅಂದಹಾಗೆ. ಹಿರೇಮಠವೂ ಅಷ್ಟೇ, ದೊಡ್ಡ ಮಠ ಊರೂರಿಗೂ ಒಂದು. ಬಡಿಗೇರ, ಕಮ್ಮಾರ, ಪೂಜಾರ ಕಸುಬು. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ಹತ್ತಿ ಇವು ವ್ಯಾಪಾರದಿಂದಲೋ ಬೆಳೆಯಿಂದಲೋ ಯಾವುದೋ ಅಡ್ಡಮಾತಿನಿಂದಲೋ ಬಂದ ಹೆಸರು. ಮೂಲ ಹತ್ತಾರು ಇರಬಹುದು, ಸಾವಿರಾರು ಅಲ್ಲ. ಇಂಥವಕ್ಕೆ ಡಿಎನ್‌ಎ ಕೆಲಸ ಮಾಡುತ್ತೆ.

ಇಂಗ್ಲೆಂಡಿನಲ್ಲಿ ಇದನ್ನ ಪಕ್ಕಾ ತೋರಿಸಿದ್ದಾರೆ. ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ 2000ದಲ್ಲಿ ತನ್ನದೇ ಸೈಕ್ಸ್ ಅಡ್ಡಹೆಸರಿನ 48 ಗಂಡಸರ ವೈ ನೋಡಿದ, ಬರೀ ನಾಲ್ಕು ಮಾರ್ಕರಿನಲ್ಲಿ. ಅರ್ಧಕ್ಕೆ ಹತ್ತಿರ ಜನರಿಗೆ ಒಂದೇ ನಮೂನೆ ಬಂತು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರಿನ 1678 ಗಂಡಸರನ್ನ ಪರೀಕ್ಷಿಸಿದರು. ಅಟೆನ್‌ಬರೋ ಥರದ ಅಪರೂಪದ ಹೆಸರಿನವರಲ್ಲಿ ಹೆಚ್ಚುಕಮ್ಮಿ ಹತ್ತಕ್ಕೆ ಒಂಬತ್ತು ಜನ ಒಂದೇ ಬುಡ. ಸ್ಮಿತ್, ಅಂದರೆ ಅವರ ಕಮ್ಮಾರ, ಬೀದೀಲಿ ಸಿಕ್ಕ ಇಬ್ಬರನ್ನ ಹಿಡಿದು ನೋಡಿದಷ್ಟೇ ಹೊಂದಾಣಿಕೆ. ನಮ್ಮ ಪಾಟೀಲ ಸ್ಮಿತ್ ಆದರೆ ಉಳ್ಳಾಗಡ್ಡಿ ನಡುವೆ ಎಲ್ಲೋ.

ಕುಡ್ಲದಮೀನು:
ನಮ್ಮ ಕಡೆ ಹೋಗುವಾಗ ಈ ಲೆಕ್ಕವೇ ತಲೆಕೆಳಗೆ ಮಾರಾಯ್ರೆ. ಅಳಿಯಸಂತಾನದಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಒಂದೇ ಬಳಿಯವರು ಒಂದೇ ಮೂಲವಾ ಅಂತ ನೋಡ್ಲಿಕ್ಕೆ ವೈ ಮಾಡಿಸಿದ್ರೆ ಸಿಗುವುದು ಸೊನ್ನೆ. ತಾಯಿಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎ ಬೇಕು, ಅದೂ ಪೂರ್ತಿ 16,569 ಅಕ್ಷರದ್ದು. ಅದು ಬದಲಾಗುವುದು ಬಹಳ ನಿಧಾನ, ಪೂರ್ತಿ ಹೊಂದಿದರೂ ಸಾವಿರ ವರ್ಷ ಹಿಂದಿನ ಅಜ್ಜಿ ಆಗಿರಬಹುದು. ಹಾಗಾಗಿ "ಬೇರೆ" ಅಂತ ಗಟ್ಟಿಯಾಗಿ ಹೇಳಬಹುದು, "ಒಂದೇ" ಅಂತ ಹೇಳ್ಲಿಕ್ಕೆ ಕಷ್ಟ. ಶೆಟ್ಟಿ, ರೈ, ಆಳ್ವ ನೋಡಿ ವೈ ಕಿಟ್ ತರಿಸಬೇಡಿ, ದುಡ್ಡು ಹೊಳೆಗೆ.

ಮತ್ತೆ ನಮ್ಮ ಕ್ಯಾಥೊಲಿಕ್ ಡಿಸೋಜ, ಫೆರ್ನಾಂಡಿಸ್, ಪಿಂಟೊ. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ದೀಕ್ಷಾಸ್ನಾನ ಕೊಟ್ಟ ಪಾದ್ರಿಯದ್ದೋ ಜ್ಞಾನಪಿತನದ್ದೋ ಹೆಸರು ಇಟ್ಟುಕೊಂಡದ್ದು. ಒಂದೇ ದಿನ ಬೇರೆ ಬೇರೆ ಜಾತಿಯವರಿಗೆ ಒಂದೇ ಹೆಸರು. ಅಲ್ಲಿ ಹೆಸರಿಗಿಂತ ಮೂಲ ಗ್ರಾಮದ ಹೆಸರು ಹಿಡಿದು ಗುಂಪು ಮಾಡುವುದು ಒಳ್ಳೇದು.

ಕಾಫಿತೋಟ:
ವೈ ಪರೀಕ್ಷೆಗೆ ಕರ್ನಾಟಕದಲ್ಲೇ ಹೇಳಿಮಾಡಿಸಿದ ಜಾಗ ಕೊಡಗು. ಒಕ್ಕದ (ಮನೆತನದ) ಹೆಸರು ಅಪ್ಪನ ಕಡೆಯಿಂದ, ಮೂಲ ಮನೆ ಅನ್ನೋ ಐನ್‌ಮನೆ ಒಂದು, ಗುರುಕಾರಣ ಅಂತ ಮೂಲಪುರುಷನೂ ಗುರುತಿಗೆ ಇದ್ದಾನೆ. 1997ರಿಂದ ನಡೀತಿರೋ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋದ್ರೆ ನೂರಾರು ಒಕ್ಕಗಳ ಗಂಡಸರು ಒಂದೇ ಮೈದಾನದಲ್ಲಿ, ಬೆನ್ನ ಮೇಲೆ ಒಕ್ಕದ ಹೆಸರು ಬರೆದುಕೊಂಡು. ಸ್ಯಾಂಪಲ್ ಎತ್ತೋರಿಗೆ ಸ್ವರ್ಗ.

ಆದರೆ ಒಂದು ಬಲೆ ಇದೆ. ಗಂಡು ಸಂತಾನ ಇಲ್ಲದ ಒಕ್ಕದಲ್ಲಿ ಒಕ್ಕಪರಿಜೆ, ಮಕ್ಕಪರಿಜೆ ಅನ್ನೋ ಮದುವೆ ಕ್ರಮ ಇತ್ತು. ಮಗಳ ಮಕ್ಕಳು ತಾಯಿಯ ಒಕ್ಕದ ಹೆಸರು ಹೊರ್ತಾರೆ. ಒಕ್ಕ ಮುಂದುವರಿಯಿತು, ವೈ ಬೇರೆ ಮನೆಯದು ಬಂತು. ಇದರಲ್ಲಿ ಗುಟ್ಟೂ ಇಲ್ಲ, ನಾಚಿಕೆಯೂ ಇಲ್ಲ, ಪದ್ಧತಿ ಅದು. ಇದು ಗೊತ್ತಿಲ್ಲದವರು ವರದಿ ನೋಡಿ "ಎಲ್ಲೋ ಎಡವಟ್ಟಾಗಿದೆ" ಅಂತ ಗುಸುಗುಸು ಶುರು ಮಾಡ್ತಾರೆ.

ಜೋಳದರೊಟ್ಟಿ:
ನಮ್ಮ ಕಡೆನೂ ಮನಿಯಳ್ಯಾ ಅಂತ ಬರ್ತದಲ್ರೀ. ಅಳಿಯನ ಮಕ್ಕಳಿಗೆ ಅತ್ತಿಮನಿ ಅಡ್ಡಹೆಸರ ಹತ್ತಿಬಿಡ್ತದ. ದೇವರ ಹೆಸರಲೆ ಬಸವಿ ಬಿಟ್ಟ ಹೆಣ್ಣುಮಕ್ಕಳ ಮಕ್ಕಳಿಗೂ ತಾಯಿ ಮನಿ ಹೆಸರ.

ಕೈಫಿಯತ್ತು:
ಅದಕ್ಕೇ ವಂಶಾವಳಿಯಲ್ಲಿ ಒಂದೊಂದು ಗಂಡಿನ ಮುಂದೆಯೂ ಮೂರು ಗುರುತು ಹಾಕಿಟ್ಟುಕೊಳ್ಳಿ: ಹುಟ್ಟಿದ ಮಗ, ದತ್ತು, ಮನೆಯಳಿಯನ ಮಗ. ಹಳೇ ಕೈಬರಹದ ಪಹಣಿ, ಉತಾರ, ವಾರಸಾ ನೋಂದಣಿ ತೆಗೆಸಿ. ಅಲ್ಲಿ "ಸಾಕುಮಗ", "ದತ್ತಕ" ಅಂತ ಬರೆದಿರುತ್ತೆ, ಮನೆಯವರು ಮರೆತಿದ್ದರೂ. ಹೆಳವರ ಹೊತ್ತಿಗೆಯನ್ನ ಅವರ ಬಾಯಲ್ಲೇ ಓದಿಸಿ ರೆಕಾರ್ಡ್ ಮಾಡಿಕೊಳ್ಳಿ. ಬರವಣಿಗೆಯಲ್ಲಿರೋದು ಬರೀ ಹೆಸರು, ಯಾರು ಯಾರ ಮಗ ಅನ್ನೋ ಕೊಂಡಿ ಬಹಳ ಸಲ ಹಾಡಿನಲ್ಲಿ ಮಾತ್ರ ಬರುತ್ತೆ.

ಲ್ಯಾಬುಕೋಟು:
ಹೆಸರು ಒಂದು, ವೈ ಇನ್ನೊಂದು ಆಗೋದು ಎಷ್ಟು ಅಂತ ಒಂದು ಅಂದಾಜು. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಮಾರ್ಟೆನ್ ಲಾರ್ಮುಸೋ ಮತ್ತಿತರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲೆಮಾರಿಗೆ ಶೇ. 1ರ ಆಸುಪಾಸು ಬಂತು. ಚಿಕ್ಕದು ಅನ್ನಿಸುತ್ತೆ. 10 ತಲೆಮಾರಿಗೆ 0.99ನ್ನ ಹತ್ತು ಸಲ ಗುಣಿಸಿ: 0.904. ಹತ್ತು ಮನೆಗೆ ಒಂದು ಮನೆಯಲ್ಲಿ ಕೊಂಡಿ ಕಳಚಿರುತ್ತೆ. ಶೇ. 2 ಅಂತ ಹಿಡಿದ್ರೆ ಸುಮಾರು ಐದೂವರೆಗೆ ಒಂದು. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡನ ಮೂಳೆ 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕ್ ಕೆಳಗೆ ಸಿಕ್ಕಿತಲ್ಲ, ತಾಯಿ ಕಡೆಯ ಮೈಟೋಕಾಂಡ್ರಿಯಾ ಹೊಂದಿತು, ಗಂಡು ಸಂತತಿ ಅಂತ ಕಾಗದದಲ್ಲಿದ್ದ ಐವರ ವೈ ಒಂದೂ ಹೊಂದಲಿಲ್ಲ. ಆ ಐವರಲ್ಲೂ ಒಬ್ಬನದು ಉಳಿದ ನಾಲ್ವರಿಗಿಂತ ಬೇರೆ! ರಾಜಮನೆತನದ ದಾಖಲೆಯೇ ಹೀಗೆ. ಅದರ ಹಿಂದಿದ್ದವರೂ ಇದೇ ಟೂರಿ ಕಿಂಗ್.

ಚೌಕಾಸಿ:
ಸರಿ, ದುಡ್ಡಿನ ಮಾತಿಗೆ ಬರೋಣ. 14 ಊರು ಅಂದ್ರೆ 14 ಕಿಟ್ ಒಟ್ಟಿಗೆ ತರಿಸೋದು ದಂಡ. 6ರಿಂದ ಶುರು ಮಾಡಿ. ಒಂದು ಬಿಗ್ ವೈ ದುಡ್ಡಿಗೆ ಮೂರ್ನಾಲ್ಕು ವೈ-37 ಬರುತ್ತೆ, ಅದಕ್ಕೆ ಮೊದಲ ಸುತ್ತಿನಲ್ಲಿ ಬಿಗ್ ವೈ ಮುಟ್ಟಲೇಬೇಡಿ. ಕಿಟ್ ಇಲ್ಲಿಗೆ ಕಳಿಸ್ತಾರಾ, ವಾಪಸ್ ಕೊರಿಯರ್ ಹೇಗೆ ಅನ್ನೋದನ್ನ ದುಡ್ಡು ಕಟ್ಟೋ ಮುಂಚೆ ಬರಹದಲ್ಲಿ ಕೇಳಿ.

ಲ್ಯಾಬುಕೋಟು:
6 ಒಪ್ಪಿದೆ. ಆದರೆ 6 ಊರಿನ 6 ಜನ ಅಲ್ಲ. 3 ಊರು, ಊರಿಗೆ 2. ಆ ಇಬ್ಬರು ಅಣ್ಣತಮ್ಮಂದಿರೋ ಚಿಕ್ಕಪ್ಪನ ಮಗನೋ ಆಗಿರಬಾರದು, ಕಾಗದದಲ್ಲಿ ಸಿಗೋ ಅತಿ ದೂರದ ದಾಯಾದಿ ಆಗಿರಬೇಕು. ಮುತ್ತಜ್ಜನ ಅಪ್ಪನ ಇಬ್ಬರು ಮಕ್ಕಳಿಂದ ಇಳಿದು ಬಂದವರು ಅಂತಿಟ್ಟುಕೊಳ್ಳಿ. ಇಬ್ಬರೂ ಹೊಂದಿದ್ರೆ ಆ ಮುತ್ತಜ್ಜನ ಅಪ್ಪನ ವೈ ನಿಮ್ಮ ಕೈಗೆ ಸಿಕ್ಕಹಾಗೆ. ಒಬ್ಬನೇ ಆದ್ರೆ ಅವನ ಕೊಂಬೆಯಲ್ಲಿ ಎಲ್ಲಿ ಕಳಚಿದೆ ಗೊತ್ತಾಗಲ್ಲ, ಇಡೀ ಊರನ್ನೇ "ಬೇರೆ ಬುಡ" ಅಂತ ತಪ್ಪಾಗಿ ಬರೆದುಬಿಡ್ತೀರಿ.

ಚೌಕಾಸಿ:
ಆಮೇಲೆ ಉಳಿದ 11 ಊರು?

ಲ್ಯಾಬುಕೋಟು:
ಊರಿಗೆ ಒಂದರಂತೆ ಎರಡನೇ ಸುತ್ತು. ಗುಂಪಿಗೆ ಬಿದ್ದ ಊರಿಗೆ ಎರಡನೇ ಕಿಟ್ ಬೇಡ. ಹೊರಗುಳಿದ ಊರಿಗೆ ಮಾತ್ರ ಎರಡನೇದು.

ಸೋದರತ್ತೆ:
ಇನ್ನೊಂದನ್ನ ಎಲ್ಲಾರೂ ಬಿಡ್ತಾರೆ: ಹೋಲಿಕೆಗೆ ಅಂತ ಬೇರೆ ಅಡ್ಡಹೆಸರಿನವರು. ಅದೇ ಊರು, ಅದೇ ಜಾತಿ, ಬೇರೆ ಅಡ್ಡಹೆಸರಿನ ನಾಲ್ಕೈದು ಗಂಡಸರದ್ದೂ ಮಾಡಿಸಿ. ನಮ್ಮ ಎಷ್ಟೋ ಸಮುದಾಯಗಳು ಕೆಲವೇ ಮೂಲದ ಜನರಿಂದ ಬೆಳೆದು ಒಳಗೊಳಗೇ ಮದುವೆಯಾಗಿ ಬಂದಿವೆ. 2017ರ ಒಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳಲ್ಲಿ 81ರಲ್ಲಿ ಈ ಪರಿಣಾಮ ಫಿನ್‌ಲ್ಯಾಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಜೋರಾಗಿ ಕಂಡಿತು. ಆರ್ಯವೈಶ್ಯ ಸಮುದಾಯದಲ್ಲಿ, ಅರಿವಳಿಕೆ ಕೊಡುವಾಗ ಸ್ನಾಯು ಸಡಿಲಿಸೋಕೆ ಹಾಕೋ ಔಷಧ ಸಕ್ಸಿನೈಲ್‌ಕೋಲಿನ್ ಬೇಗ ಕರಗದೆ ತೊಂದರೆಯಾಗೋದಕ್ಕೂ ಇದೇ ಕಾರಣ. ಇಂಥ ಕಡೆ ಇಬ್ಬರು ಉಳ್ಳಾಗಡ್ಡಿಯವರು ಹೊಂದಿದ್ರು ಅಂದ ಮಾತ್ರಕ್ಕೆ ಅಡ್ಡಹೆಸರೇ ಕಾರಣ ಅನ್ನೋಹಾಗಿಲ್ಲ. ಪಕ್ಕದ ಮನೆ ಬೆಲ್ಲದ ಅವರೂ ಅಷ್ಟೇ ಹೊಂದಿದ್ರೆ? ಆಗ ನೀವು ಹಿಡಿದದ್ದು ಜಾತಿಯ ಹಳೇ ಬುಡ, ಮನೆತನದ ಬುಡ ಅಲ್ಲ.

ಜೋಳದರೊಟ್ಟಿ:
ಇದು ಹೊಳದೇ ಇರಲಿಲ್ರೀ. ಬೆಲ್ಲದವ್ರನ್ನ ಹೆಂಗ ಒಪ್ಪಸ್ಲಿ?

ಬೆಂಗ್ಳೂರ್‌ಗುರು:
ಉಳ್ಳಾಗಡ್ಡಿ, ಬೆಲ್ಲ, ಮೆಣಸಿನಕಾಯಿ ಮೂರೂ ಸೇರಿದ್ರೆ ಗೊಜ್ಜು. ಅದನ್ನೇ ಮಾಡಿ ಕರೀರಿ.

ಲ್ಯಾಬುಕೋಟು:
ಫಲಿತಾಂಶ ಬಂದಾಗ ಎಣಿಸೋದರಲ್ಲಿ ಎಡವೋ ಜಾಗಗಳು. ಅತಿ ಹೆಚ್ಚು ಜನ ಬೀಳೋದು ಡಿವೈಎಸ್389ರಲ್ಲಿ. ಉದಾಹರಣೆಗೆ ಒಬ್ಬನದು 389-1 = 13, 389-2 = 29. ಇನ್ನೊಬ್ಬನದು 14 ಮತ್ತು 30. ಕಣ್ಣಿಗೆ ಎರಡು ವ್ಯತ್ಯಾಸ. ನಿಜಕ್ಕೂ ಒಂದೇ. ಯಾಕಂದ್ರೆ ಎರಡನೇ ಅಂಕಿಯೊಳಗೆ ಮೊದಲನೇದೂ ಸೇರಿರುತ್ತೆ. ಕಳೆದು ನೋಡಿ: 29 − 13 = 16, 30 − 14 = 16. ಎರಡನೇ ತುಂಡು ಬದಲಾಗೇ ಇಲ್ಲ. ಎಕ್ಸೆಲ್‌ನಲ್ಲಿ 389-2ರ ಕಾಲಮ್ ತೆಗೆದು ಅದರ ಜಾಗಕ್ಕೆ ಕಳೆದ ಅಂಕಿ ಹಾಕಿಬಿಡಿ.

ಡಿವೈಎಸ್464ಕ್ಕೆ ಸಾಮಾನ್ಯವಾಗಿ ನಾಲ್ಕು ಪ್ರತಿ, 15-15-17-17 ಅಂತ ಬರುತ್ತೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಬರೆದದ್ದು ಅಷ್ಟೇ, ಯಾವುದು ಯಾವ ಜಾಗದ್ದು ಅಂತ ಅಲ್ಲ. ಕೆಲವು ಸಲ ಒಂದು ಪ್ರತಿ ಇನ್ನೊಂದರ ಮೇಲೆ ನಕಲಾಗಿ ಒಂದೇ ಏಟಿಗೆ ಎರಡು ಮೂರು ಅಂಕಿ ಬದಲಾಗುತ್ತೆ, ಅದನ್ನ ಒಂದೇ ಬದಲಾವಣೆ ಅಂತ ಹಿಡೀಬೇಕು. ಸಿಡಿವೈ ಅನ್ನೋ ಜೋಡಿ ಹುಚ್ಚು ಕುದುರೆ, ಅಣ್ಣತಮ್ಮಂದಿರಲ್ಲೂ ಬೇರೆಯಾಗಬಹುದು. 37ರಲ್ಲಿ 4 ವ್ಯತ್ಯಾಸ ಇದ್ದು ಅದರಲ್ಲಿ 2 ಸಿಡಿವೈಯಲ್ಲೇ ಇದ್ರೆ ನಾನು ಹತ್ತಿರದವರು ಅಂತಲೇ ನೋಡ್ತೀನಿ. ಅದೇ 4 ವ್ಯತ್ಯಾಸ ಡಿವೈಎಸ್393, 426, 388ರಂಥ ಮಲಗಿರೋ ಮಾರ್ಕರುಗಳಲ್ಲಿ ಬಂದ್ರೆ ದೂರ.

ಬೇರೆ ಲ್ಯಾಬಿನ ಅಂಕಿ ತಂದು ಸೇರಿಸುವಾಗ ವೈ-ಗಾಟಾ-ಎಚ್4 ಒಂದನ್ನ ಪರೀಕ್ಷಿಸಿ, ಎಣಿಸೋ ಪದ್ಧತಿ ಬೇರೆ ಇದ್ರೆ ಒಂದು ಅಂಕಿ ಸುಮ್ಮನೆ ಹೆಚ್ಚುಕಮ್ಮಿ ಬರುತ್ತೆ.

ಚೌಕಾಸಿ:
ಇಲ್ಲೇ ದೇಶದಲ್ಲೇ ಲ್ಯಾಬಿನಲ್ಲಿ ಇಡೀ ಜೀನೋಮ್ ಓದಿಸಿದ್ರೆ? ಬಿಗ್ ವೈ ಯಾಕೆ?

ಲ್ಯಾಬುಕೋಟು:
ಆಗುತ್ತೆ, ಎರಡನೇ ಹಂತಕ್ಕೆ ಒಳ್ಳೇ ದಾರಿ. 30ಎಕ್ಸ್, ಅಂದ್ರೆ ಒಂದೊಂದು ಜಾಗವನ್ನೂ ಸರಾಸರಿ 30 ಸಲ ಓದಿಸಿದ್ರೆ ವೈ ಮೇಲೆ ಸುಮಾರು 15ಎಕ್ಸ್ ಬೀಳುತ್ತೆ, ಗಂಡಸಿಗೆ ವೈ ಒಂದೇ ಪ್ರತಿ ಇರೋದಲ್ವಾ. ಅಷ್ಟು ಸಾಕು. ಆದರೆ ಆರ್ಡರ್ ಕೊಡುವಾಗಲೇ ಓದಿದ್ದೆಲ್ಲಾ ಇರೋ ಬಿಎಎಂ ಅಥವಾ ಫಾಸ್ಟ್‌ಕ್ಯೂ ಕಡತ ಕೊಡ್ತೀರಾ ಅಂತ ಕೇಳಿ. ಎಷ್ಟೋ ಕಡೆ ಬರೀ ವಿಸಿಎಫ್ ಕೊಟ್ಟು ಕಳಿಸ್ತಾರೆ. ಅದರಲ್ಲಿ ಬದಲಾದ ಜಾಗಗಳು ಮಾತ್ರ ಇರ್ತವೆ. ಒಂದು ಎಸ್‌ಎನ್‌ಪಿ ಅಲ್ಲಿ ಇಲ್ಲ ಅಂದ್ರೆ ಅವನಿಗೆ ಅದು ಇಲ್ವೋ, ಆ ಜಾಗ ಓದಿಯೇ ಇಲ್ವೋ ತಿಳಿಯಲ್ಲ. ವಂಶವೃಕ್ಷ ಕಟ್ಟೋಕೆ "ಇಲ್ಲ" ಅನ್ನೋದೂ "ಇದೆ" ಅನ್ನೋದರಷ್ಟೇ ಬೇಕು. ಬಿಎಎಂ ಹತ್ತಾರು ಜಿಬಿ ಇರುತ್ತೆ, ಹಾರ್ಡ್ ಡಿಸ್ಕ್ ಇಟ್ಕೊಳ್ಳಿ. ವೈ ಭಾಗ ಮಾತ್ರ ಕತ್ತರಿಸಿ, ವೈ ವಂಶವೃಕ್ಷ ಕಟ್ಟೋ ಸಂಸ್ಥೆ ವೈಫುಲ್‌ಗೆ ಕೊಟ್ರೆ ಅವರ ಮರದಲ್ಲಿ ಕೂರಿಸ್ತಾರೆ. 150 ಅಕ್ಷರದ ಚಿಕ್ಕ ಓದಿನಲ್ಲಿ ಉದ್ದದ ಎಸ್‌ಟಿಆರ್‌ಗಳು ತಪ್ಪಿಹೋಗ್ತವೆ, ಅದಕ್ಕೇ ಮೊದಲ ಸುತ್ತಿಗೆ 37ನ್ನೇ ಹೇಳಿದ್ದು.

ಬಿಗ್ ವೈ ಮಟ್ಟದಲ್ಲಿ ಸರಾಸರಿ 80-85 ವರ್ಷಕ್ಕೆ ಒಂದು ಹೊಸ ಎಸ್‌ಎನ್‌ಪಿ ಲೆಕ್ಕ. ಇಬ್ಬರಿಗೂ ತಲಾ 3 ಖಾಸಗಿ (ಇನ್ನೊಬ್ಬನಲ್ಲಿ ಇಲ್ಲದ) ಎಸ್‌ಎನ್‌ಪಿ ಇದ್ರೆ ಮೂಲಪುರುಷ ಸುಮಾರು 250 ವರ್ಷ ಹಿಂದೆ, ನೂರು ವರ್ಷ ಆಚೀಚೆ. "ಯಾವ ಊರು ಒಡೆದು ಯಾವುದಾಯ್ತು" ಅನ್ನೋದಕ್ಕೆ ಉತ್ತರ ಸಿಗೋದು ಇಲ್ಲೇ: ಎರಡು ಊರಿನವರಲ್ಲಿ ಇರೋ ಒಂದು ಎಸ್‌ಎನ್‌ಪಿ ಮೂರನೇ ಊರಿನವರಲ್ಲಿ ಇಲ್ಲದಿದ್ರೆ ಆ ಇಬ್ಬರು ಆಮೇಲೆ ಒಡೆದವರು.

ಪಂಚಾಂಗಪ್ಪ:
ಹಾಗಾದರೆ ಮೂಲ ಮನೆ ಯಾವುದು ಅಂತಲೂ ಗೊತ್ತಾಗುತ್ತೆ?

ಕೈಫಿಯತ್ತು:
ಇಲ್ಲ. ಕೊಂಬೆ ಗೊತ್ತಾಗುತ್ತೆ, ಊರು ಗೊತ್ತಾಗಲ್ಲ. ಅಣ್ಣ ಊರು ಬಿಟ್ಟು ತಮ್ಮ ಉಳಿದನಾ, ತಮ್ಮ ಬಿಟ್ಟು ಅಣ್ಣ ಉಳಿದನಾ, ವೈ ಹೇಳಲ್ಲ. ವ್ಯಕ್ತಿಯನ್ನೂ ಹೇಳಲ್ಲ. ಅಮೆರಿಕದ ಥಾಮಸ್ ಜೆಫರ್‌ಸನ್ ಮತ್ತು ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಪ್ರಕರಣ ನೋಡಿ, 1998ರದ್ದು. ಜೆಫರ್‌ಸನ್‌ಗೆ ಉಳಿದ ಗಂಡು ಸಂತತಿ ಇಲ್ಲ ಅಂತ ಅವನ ಚಿಕ್ಕಪ್ಪ ಫೀಲ್ಡ್ ಜೆಫರ್‌ಸನ್‌ನ ವಂಶದವರ ವೈ ತಗೊಂಡರು. ಸ್ಯಾಲಿಯ ಮಗ ಎಸ್ಟನ್‌ನ ವಂಶದವನಿಗೆ ಹೊಂದಿತು. ಅದರಿಂದ ಗಟ್ಟಿಯಾದದ್ದು "ಅಪ್ಪ ಜೆಫರ್‌ಸನ್ ಮನೆತನದ ಗಂಡಸು" ಅನ್ನೋದು. ಅದು ಥಾಮಸನೇ ಅನ್ನೋದಕ್ಕೆ ಅವನು ಯಾವಾಗ ಮನೆಯಲ್ಲಿದ್ದ ಅನ್ನೋ ಕಾಗದದ ಲೆಕ್ಕ ಬೇಕಾಯ್ತು.

ಲ್ಯಾಬುಕೋಟು:
ಚಿಕ್ಕಪ್ಪನೋ ದೊಡ್ಡಪ್ಪನೋ ಅಂತ ಇಂಗ್ಲಿಷಿನವರು ಹೇಳಲ್ಲ ನೋಡಿ 😄 ಅಪ್ಪನ ಅಣ್ಣ ಫೀಲ್ಡ್, ದೊಡ್ಡಪ್ಪ.

ಕೈಫಿಯತ್ತು:
ತಿದ್ದಿದ್ದಕ್ಕೆ ಧನ್ಯವಾದ, ದೊಡ್ಡಪ್ಪನೇ.

ಕಪ್ಪುಕೋಟು:
ಮೂರು ಮಾತು. ಒಂದು, ಈ ಕಿಟ್ಟಿನ ವರದಿ ಹಿಡಿದು ಆಸ್ತಿ ಪಾಲು ಕೇಳೋಕೆ ಬರೋದಿಲ್ಲ. ಮಾದರಿ ಯಾರದ್ದು ಅನ್ನೋದಕ್ಕೇ ಸಾಕ್ಷಿ ಇರಲ್ಲ. ಎರಡು, ಮದುವೆಯೊಳಗೆ ಹುಟ್ಟಿದ ಮಗು ಆ ಗಂಡನದೇ ಅನ್ನೋದು ಕಾನೂನಿನ ಗಟ್ಟಿ ಊಹೆ. ಹಿಂದೆ ಸಾಕ್ಷ್ಯ ಕಾಯ್ದೆಯ 112ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116. ವೈ ಹೊಂದಲಿಲ್ಲ ಅಂತ ದತ್ತಕನ ಮೊಮ್ಮಗನ ಹಕ್ಕು ಎಲ್ಲೂ ಹೋಗಲ್ಲ. ಮೂರು, ಒಪ್ಪಿಗೆ ಪತ್ರ ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿ. ನಿರೀಕ್ಷಿಸದ ಫಲಿತಾಂಶ ಬರಬಹುದು. ಬಂದರೆ ನನಗೆ ಹೇಳಿ ಅಥವಾ ಹೇಳಬೇಡಿ. ನನ್ನ ಹೆಸರು ಪಟ್ಟಿಯಲ್ಲಿ ಇರಲಿ ಅಥವಾ ಬರೀ ಊರಿನ ಹೆಸರು ಸಾಕು. ಯಾವಾಗ ಬೇಕಾದರೂ ತೆಗೆಸಬಹುದು. ಇಷ್ಟು ಇರಲೇಬೇಕು.

ಸೋದರತ್ತೆ:
ಖಾತೆಯ ಇಮೇಲ್, ಪಾಸ್‌ವರ್ಡ್ ಯಾರ ಹತ್ರ ಅನ್ನೋದನ್ನೂ ಸೇರಿಸಿ. ಅಮೆರಿಕದ ಡಿಎನ್‌ಎ ಪರೀಕ್ಷೆ ಕಂಪನಿ 23ಆಂಡ್‌ಮಿಯಲ್ಲಿ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, ಬೇರೆ ಕಡೆ ಕದ್ದ ಪಾಸ್‌ವರ್ಡನ್ನೇ ಇಲ್ಲೂ ಬಳಸಿದವರ ಖಾತೆಗಳಿಂದ ಶುರುವಾಗಿ. 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದೇ ಪಾಸ್‌ವರ್ಡಲ್ಲಿ ಹದಿನಾಲ್ಕು ಅಜ್ಜಂದಿರ ಖಾತೆ ತೆರೀಬೇಡಿ.

ಮಲ್ಲಿಗೆಮೊಗ್ಗು:
ಹೆಣ್ಣುಮಕ್ಕಳಷ್ಟೇ ಉಳಿದಿರೋ ಮನೆಗೆ ಏನು ಮಾಡೋದು?

ಲ್ಯಾಬುಕೋಟು:
ಅಪ್ಪ ಇದ್ರೆ ಅಪ್ಪ. ಇಲ್ಲಾಂದ್ರೆ ದೊಡ್ಡಪ್ಪ ಚಿಕ್ಕಪ್ಪ, ಅವರ ಗಂಡುಮಕ್ಕಳು. ಅದೂ ಇಲ್ಲಾಂದ್ರೆ ಅಜ್ಜನ ತಮ್ಮನ ಮೊಮ್ಮಗ, ಗಂಡಿನಿಂದ ಗಂಡಿಗೆ ಬಂದಿರಬೇಕು ಅಷ್ಟೇ. ಸೋದರಮಾವ, ಅಕ್ಕನ ಮಗ ಯಾರೂ ಆಗಲ್ಲ. ವಯಸ್ಸಾದವರದ್ದು ಮೊದಲು ತಗೊಳ್ಳಿ. ಉಳಿದ ಮಾದರಿಯನ್ನ ಕಂಪನಿ ಇಟ್ಟುಕೊಂಡಿದ್ರೆ ಮುಂದೆ ಅದರಿಂದಲೇ ಮೇಲಿನ ಪರೀಕ್ಷೆಗೆ ಏರಿಸಬಹುದು.

ಮಾದರಿ ತೆಗೆಯೋದು ಹೀಗೆ: ಒಂದು ಗಂಟೆ ಮುಂಚೆ ಊಟ, ಚಹಾ, ಬೀಡಿ ಬೇಡ. ಎಲೆ ಅಡಿಕೆ, ಗುಟ್ಕಾ ಹಾಕೋರು ಬಾಯಿ ಚೆನ್ನಾಗಿ ಮುಕ್ಕಳಿಸಿ ಆಮೇಲೆ ಒಂದು ಗಂಟೆ ಕಾಯಬೇಕು, ಕೆಂಪು ರಸ ಬ್ರಷ್ಷಿಗೆ ಹತ್ತಿದ್ರೆ ಲ್ಯಾಬಲ್ಲಿ ಫೇಲ್ ಆಗಬಹುದು. ಕೆನ್ನೆ ಒಳಗೆ ಸುಮಾರು ಒಂದು ನಿಮಿಷ ಉಜ್ಜಿ, ಹಲ್ಲಿಗಲ್ಲ. ಎರಡನೇ ಬ್ರಷ್ ಇನ್ನೊಂದು ಕೆನ್ನೆಗೆ. ಬ್ರಷ್ ತುದಿಗೆ ಕೈ ತಾಕಿಸಬೇಡಿ. ಉಗುಳು ತುಂಬೋ ಟ್ಯೂಬ್ ಎಂಬತ್ತು ದಾಟಿದವರಿಗೆ ಕಷ್ಟ, ಬಾಯಿ ಒಣಗಿರುತ್ತೆ, ಬ್ರಷ್ಷೇ ವಾಸಿ.

ಜೋಳದರೊಟ್ಟಿ:
ಭಾಳ ಉಪಕಾರ ಆತ್ರೀ. ಹಿಂಗ ಮಾಡ್ತೇನಿ: ಮೊದಲ ಸುತ್ತು 3 ಊರು, ಊರಿಗೆ ಇಬ್ರು, ಎಲ್ಲಾರಿಗೂ 37. ಅದರ ಜೋಡಿ ಬ್ಯಾರೆ ಅಡ್ಡಹೆಸರಿನವ್ರು 4. ಒಟ್ಟ 10 ಕಿಟ್. ಉತಾರದೊಳಗ ದತ್ತಕ ನೋಡಿ ಆಮ್ಯಾಲೆ ಮಂದಿ ಆರಿಸ್ತೇನಿ. ಒಂದ ದಿನ ಜಾತ್ರಿಗೆ ಎಲ್ಲಾರೂ ಕೂಡ್ತಾರ, ಅಲ್ಲೇ ಹತ್ತೂ ಮಂದೀದು ತಗೊಂಡಬಿಡ್ಲೇನು?

ಲ್ಯಾಬುಕೋಟು:
ಜಾತ್ರೇಲಿ ಬೇಡ. ಒಬ್ಬರದ್ದು ಮುಗಿಸಿ, ಟ್ಯೂಬಿಗೆ ಕಿಟ್ ನಂಬರ್ ಚೀಟಿ ಅಂಟಿಸಿ, ಒಪ್ಪಿಗೆ ಪತ್ರದ ಮೇಲೂ ಅದೇ ನಂಬರ್ ಬರೆದು, ಲಕೋಟೆ ಮುಚ್ಚಿದ ಮೇಲೇ ಇನ್ನೊಬ್ಬರ ಪೊಟ್ಟಣ ಒಡೀರಿ. ಎರಡು ಊರಿನ ಕಿಟ್ ಅದಲುಬದಲಾದ್ರೆ ಎರಡೂ ಊರಲ್ಲಿ ಕೊಂಡಿ ಕಳಚಿದ ಹಾಗೇ ಕಾಣುತ್ತೆ.

ಬೆಂಗ್ಳೂರ್‌ಗುರು:
ಮತ್ತೆ ಜಾತ್ರೇಲಿ ಮಿರ್ಚಿ ತಿಂದ ಬಾಯಿ.

ಜೋಳದರೊಟ್ಟಿ:
ಅದೂ ಖರೇನ. ಮನಿಮನಿಗೆ ಹೋಗ್ತೇನಿ, ಮುಂಜಾನೆ ಚಾ ಕುಡ್ಯೂಕಿಂತ ಮೊದಲ.